ಲಂಬಾಣಿ ಒಡವೆಯ ಲೋಹವೂ ಬೆಲೆಯೂ

ವಿಜಯಪುರ ಜಿಲ್ಲೆಯ ಮುದ್ದೇಬಿಹಾಳ ತಾಲ್ಲೂಕಿನಲ್ಲಿ, ಕೃಷ್ಣಾನದಿಯ ನಾರಾಯಣಪುರ ಜಲಾಶಯಕ್ಕೆ ಸಮೀಪದಲ್ಲಿ, ನಾಲತವಾಡವೆಂಬ ಊರಿದೆ. ಈ ಸೀಮೆಯಲ್ಲಿ ಲಂಬಾಣಿಗರ ತಾಂಡಾಗಳು ಬಹಳ. ತಾಂಡಾದ ವೃದ್ಧೆಯರ ಕೊರಳಲ್ಲಿ ಇಂದಿಗೂ ಅಲ್ಲಲ್ಲಿ ಕಾಣಸಿಗುವ ನಾಣ್ಯದ ಸರವನ್ನು ರಸಾಯನಶಾಸ್ತ್ರದ ವಿದ್ಯಾರ್ಥಿಯು ಕೊಂಚ ಗಮನವಿಟ್ಟು ನೋಡಿದರೆ, ಪಠ್ಯಪುಸ್ತಕದಲ್ಲಿ ದೊರೆಯದ ಪಾಠವೊಂದು ಅದರಲ್ಲಿ ದೊರೆಯುತ್ತದೆ.

1939ರವರೆಗಿನ ಬ್ರಿಟಿಷ್ ಕಾಲದ ರೂಪಾಯಿಯ ತೂಕ ಸುಮಾರು 11.66 ಗ್ರಾಂ, ಅದರ ಹನ್ನೆರಡು ಪಾಲಿನಲ್ಲಿ ಹನ್ನೊಂದು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧದ ಕಾಲಕ್ಕೆ, 1940ರಿಂದ, ಬೆಳ್ಳಿಯ ಪಾಲು ಅರ್ಧಕ್ಕೆ ಇಳಿಯಿತು. 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ. ಅದು ನಿಕಲ್ ಲೋಹದ್ದು. ಸ್ವತಂತ್ರ ಭಾರತದ ಮೊದಲ ರೂಪಾಯಿಗಳೂ ನಿಕಲ್ಲಿನವೇ. 1975ರಿಂದ ತಾಮ್ರ-ನಿಕಲ್ ಮಿಶ್ರಲೋಹವೂ, 1992ರಿಂದ ತುಕ್ಕು ಹಿಡಿಯದ ಉಕ್ಕೂ ಬಳಕೆಗೆ ಬಂದುವು. ಒಂದು ಸಣ್ಣ ಅಯಸ್ಕಾಂತವನ್ನು ಹಿಡಿದರೆ ಈ ಚರಿತ್ರೆಯೆಲ್ಲ ಕೈಗೆ ಸಿಗುತ್ತದೆ. ಬೆಳ್ಳಿಯ ರೂಪಾಯಿ ಅದಕ್ಕೆ ಅಂಟುವುದಿಲ್ಲ, ನಿಕಲ್ಲಿನದು ಅಂಟುತ್ತದೆ, ತಾಮ್ರ-ನಿಕಲ್ಲಿನದು ಮತ್ತೆ ಅಂಟುವುದಿಲ್ಲ, ಉಕ್ಕಿನದು ಅಂಟುತ್ತದೆ. ಅಜ್ಜಿಯಿಂದ ಮೊಮ್ಮಗಳವರೆಗೆ ಒಂದೇ ಸರವು ಬೆಳೆಯುತ್ತ ಬಂದಿದ್ದರೆ, ಅದರ ಒಂದು ತುದಿ ಐಶ್ವರ್ಯ, ಇನ್ನೊಂದು ತುದಿ ಬರಿಯ ಅಲಂಕಾರ.

ಒಡವೆಯು ಈ ಜನಕ್ಕೆ ಐಶ್ವರ್ಯವಾಗಿದ್ದುದಕ್ಕೆ ಕಾರಣವುಂಟು. ಲಂಬಾಣಿಗರು, ಎಂದರೆ ಬಂಜಾರರು, ಎತ್ತುಗಳ ಮೇಲೆ ಉಪ್ಪು ಧಾನ್ಯಗಳನ್ನು ಹೇರಿಕೊಂಡು ದೇಶದ ಉದ್ದಗಲಕ್ಕೂ ಸಾಗಿಸುತ್ತಿದ್ದ ಸಾಗಣೆಗಾರರು. ಮನೆ, ಹೊಲ, ಪೆಟ್ಟಿಗೆ ಇಲ್ಲದವರಿಗೆ ಮೈಯೇ ಭಂಡಾರ. ಕೊರಳಿನ ಹಾಂಸಲಿ, ಕೆನ್ನೆಯ ಪಕ್ಕದಲ್ಲಿ ಕೂದಲಿಗೆ ಕಟ್ಟಿ ಇಳಿಬಿಡುವ ಘುಗರಿ, ತೋಳಿನ ಬಲಿಯಾ, ಮದುವೆಯಾದವಳ ಗುರುತಾದ ಟೋಪ್ಲಿ, ಇವೆಲ್ಲವೂ ಹೊತ್ತು ನಡೆಯಬಲ್ಲ ಸಂಪತ್ತು. ರೈಲು ಮತ್ತು ಗಾಡಿರಸ್ತೆಗಳು ಬಂದ ಮೇಲೆ ಎತ್ತಿನ ಸಾಗಣೆ ನಿಂತುಹೋಯಿತು. 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯು ಇಂಥ ಅಲೆಮಾರಿ ಸಮುದಾಯಗಳನ್ನು ಹುಟ್ಟಿನಿಂದಲೇ ಶಂಕಿತರನ್ನಾಗಿ ಮಾಡಿತು. ಅದು ದೇಶದಾದ್ಯಂತ ರದ್ದಾದುದು 1952ರಲ್ಲಿ. ಸಂಪತ್ತು ಕರಗಿತು, ಒಡವೆ ಮಾಡುವ, ತೊಡುವ ಕುಶಲತೆ ಮಾತ್ರ ಉಳಿಯಿತು. ಈಗ ಆ ಕುಶಲತೆಯನ್ನೇ ಮಾರಿ ಬದುಕಬಹುದೇ ಎಂಬುದು ಪ್ರಶ್ನೆ.

ಬೆಳ್ಳಿಯ ಸ್ಥಳಕ್ಕೆ ಬಂದುದು ಜರ್ಮನ್ ಸಿಲ್ವರ್. ಹೆಸರಿನಲ್ಲಿ ಬೆಳ್ಳಿಯಿದ್ದರೂ ಅದರಲ್ಲಿ ಬೆಳ್ಳಿಯ ಕಣವೂ ಇಲ್ಲ. ಸಾಮಾನ್ಯವಾಗಿ ನೂರರಲ್ಲಿ ಅರವತ್ತು ಪಾಲು ತಾಮ್ರ, ಉಳಿದುದರಲ್ಲಿ ನಿಕಲ್ ಮತ್ತು ಸತು ಹೆಚ್ಚುಕಡಮೆ ಸಮಪಾಲು. ಚೀನೀಯರು ಬಹುಕಾಲದಿಂದ ಬಲ್ಲ ಇಂಥದೊಂದು ಬಿಳಿ ಲೋಹವನ್ನು 1820ರ ದಶಕದಲ್ಲಿ ಜರ್ಮನರು ತಮ್ಮಲ್ಲಿ ತಯಾರಿಸಿದರು. ಅದಕ್ಕೇ ಆ ಹೆಸರು. ಬೆಳ್ಳಿಯಿಂದ ಇದನ್ನು ಬೇರ್ಪಡಿಸಿ ತಿಳಿಯಲು ಆರ್ಕಿಮಿಡೀಸನ ಉಪಾಯವೇ ಸಾಕು. ಬೆಳ್ಳಿಯ ಸಾಪೇಕ್ಷ ಸಾಂದ್ರತೆ 10.5, ಜರ್ಮನ್ ಸಿಲ್ವರಿನದು ಸುಮಾರು 8.7. ಎಂದರೆ 105 ಗ್ರಾಂ ತೂಗುವ ಬೆಳ್ಳಿಯ ಕಡಗವನ್ನು ನೀರಿನಲ್ಲಿ ಮುಳುಗಿಸಿ ತೂಗಿದರೆ 10 ಗ್ರಾಂ ಕಡಮೆಯಾಗುತ್ತದೆ. ಅಷ್ಟೇ ತೂಕದ ಜರ್ಮನ್ ಸಿಲ್ವರಿನ ಕಡಗ 12 ಗ್ರಾಂ ಕಳೆದುಕೊಳ್ಳುತ್ತದೆ. ಕಡಗವು ಟೊಳ್ಳಾಗಿದ್ದು ಒಳಗೆ ಅರಗನ್ನೋ ಸೀಸವನ್ನೋ ತುಂಬಿದ್ದರೆ ಆರ್ಕಿಮಿಡೀಸನೂ ಮೋಸಹೋಗುವನು. ಆಗ ಪತ್ತಾರನ ಒರೆಗಲ್ಲೇ ಗತಿ.

ಬೆಳ್ಳಿಯಲ್ಲದ್ದನ್ನು ಬೆಳ್ಳಿಯಲ್ಲವೆಂದೇ ಹೇಳಿ ಮಾರುವುದರಲ್ಲಿ ತಪ್ಪೇನೂ ಇಲ್ಲ. ತೊಡಕಿರುವುದು ನಿಕಲ್ಲಿನಲ್ಲಿ. ಬೆವರಿನಲ್ಲಿ ಉಪ್ಪೂ ಲ್ಯಾಕ್ಟಿಕ್ ಆಮ್ಲವೂ ಇರುತ್ತವೆ. ಅವು ಲೋಹದ ಮೇಲ್ಮೈಯನ್ನು ಬಹಳ ಮೆಲ್ಲಗೆ ಕರಗಿಸಿ ನಿಕಲ್ ಅಯಾನುಗಳನ್ನು ಬಿಡಿಸುತ್ತವೆ. ಚರ್ಮದೊಳಕ್ಕೆ ಇಳಿದ ಈ ಅಯಾನುಗಳು ಅಲ್ಲಿಯ ಪ್ರೋಟೀನುಗಳಿಗೆ ಅಂಟಿಕೊಂಡಾಗ, ದೇಹದ ರಕ್ಷಣಾವ್ಯವಸ್ಥೆಯು ಕೆಲವರಲ್ಲಿ ಅವನ್ನು ಶತ್ರುವೆಂದು ಬಗೆಯುತ್ತದೆ. ಒಮ್ಮೆ ಹಾಗೆ ಗುರುತಿಟ್ಟುಕೊಂಡ ಮೇಲೆ, ಸಾಮಾನ್ಯವಾಗಿ ಜೀವಮಾನವಿಡೀ, ನಿಕಲ್ ತಗುಲಿದಲ್ಲೆಲ್ಲ ತುರಿಕೆ, ಕೆಂಪು, ನೀರುಗುಳ್ಳೆ. ಕಿವಿ ಚುಚ್ಚಿಸಿಕೊಂಡ ಹೆಂಗಸರಲ್ಲಿ ಇದು ಹೆಚ್ಚು. ಈ ಕಾರಣದಿಂದ ಯುರೋಪಿನ ದೇಶಗಳು 1994ರಲ್ಲಿ ನಿಯಮ ಮಾಡಿದುವು: ಚರ್ಮಕ್ಕೆ ತಾಗುವ ಒಡವೆಯ ಒಂದು ಚದರ ಸೆಂಟಿಮೀಟರಿನಿಂದ ವಾರಕ್ಕೆ 0.5 ಮೈಕ್ರೋಗ್ರಾಮಿಗಿಂತ ಹೆಚ್ಚು ನಿಕಲ್ ಹೊರಬೀಳಕೂಡದು. ಮೈಕ್ರೋಗ್ರಾಂ ಎಂದರೆ ಗ್ರಾಮಿನ ಹತ್ತು ಲಕ್ಷದಲ್ಲಿ ಒಂದು ಭಾಗ. ಕಿವಿ ಮೂಗುಗಳಲ್ಲಿ ಚುಚ್ಚಿ ತೊಡುವ ಒಡವೆಗಳಿಗೆ ಮುಂದೆ ಈ ಮಿತಿಯನ್ನು 0.2ಕ್ಕೆ ಇಳಿಸಲಾಯಿತು. ಹಳೆಯ ರೀತಿಯ ಜರ್ಮನ್ ಸಿಲ್ವರ್ ಒಡವೆ ಈ ಪರೀಕ್ಷೆಯಲ್ಲಿ ತೇರ್ಗಡೆಯಾಗುವುದು ಕಷ್ಟ.

ಕಾಲೇಜಿನ ಪ್ರಯೋಗಶಾಲೆಯಲ್ಲಿ ಇದನ್ನು ಸ್ಥೂಲವಾಗಿ ಪರೀಕ್ಷಿಸಬಹುದು. ಅಧ್ಯಾಪಕರ ಎದುರಿನಲ್ಲಿ, ಹತ್ತಿಯ ತುಂಡಿಗೆ ಡೈಮೀಥೈಲ್ ಗ್ಲೈಆಕ್ಸೈಮ್ ದ್ರಾವಣವನ್ನೂ ಒಂದು ತೊಟ್ಟು ಅಮೋನಿಯಾ ದ್ರಾವಣವನ್ನೂ ಹಾಕಿ ಒಡವೆಯ ಮೇಲೆ ಉಜ್ಜಿರಿ. ನಿಕಲ್ ಬಿಡುತ್ತಿದ್ದರೆ ಹತ್ತಿ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ. ಪ್ರಯೋಗದ ಖರ್ಚು ಅತ್ಯಲ್ಪ. ಇದು ತಿಳಿಯದೆ ಕಳುಹಿಸಿದ ಸರಕು ಹಿಂದಿರುಗಿ ಬಂದರೆ ತಾಂಡಾದ ಹೆಣ್ಣುಮಕ್ಕಳ ತಿಂಗಳುಗಟ್ಟಲೆಯ ದುಡಿಮೆ ನಷ್ಟ.

ಹಾಗಾದರೆ ಬದಲಿಗೆ ಯಾವ ಲೋಹ? ಹಿತ್ತಾಳೆ ಸುಲಭದ ಉತ್ತರ. ತಾಮ್ರ-ಸತುಗಳ ಈ ಮಿಶ್ರಣದಲ್ಲಿ ನಿಕಲ್ ಇಲ್ಲ. ಹಳೆಯ ಪಾತ್ರೆ ಪಗಡಗಳನ್ನು ಕರಗಿಸಿ ಮತ್ತೆ ಮತ್ತೆ ಬಳಸಬಹುದಾದ್ದರಿಂದ ಗಣಿಯ ಹೊರೆಯೂ ಕಡಮೆ. ಆದರೆ ಗುಜರಿಯ ಹಿತ್ತಾಳೆಯಲ್ಲಿ ಸೀಸ ಬೆರೆತಿರುವುದುಂಟು. ತಿರುಪು, ನಲ್ಲಿಗಳನ್ನು ಕಡೆಯಲು ಸುಲಭವಾಗಲೆಂದು ಕಾರ್ಖಾನೆಯವರೇ ಅದನ್ನು ಸೇರಿಸುತ್ತಾರೆ. ಯುರೋಪು ಒಡವೆಯಲ್ಲಿ ಸೀಸದ ಪ್ರಮಾಣವನ್ನು 2013ರಿಂದ ನೂರಕ್ಕೆ 0.05ಕ್ಕೆ ಮಿತಿಗೊಳಿಸಿದೆ. ಆದುದರಿಂದ ಯಾವ ಗುಜರಿ ಎಂಬುದನ್ನೂ ಕೇಳಬೇಕಾಗುತ್ತದೆ. ನಾಣ್ಯಗಳ ವಿಷಯದಲ್ಲಿಯೂ ಎಚ್ಚರ ಬೇಕು: 2011ರ ನಾಣ್ಯ ಕಾಯಿದೆಯು ನಾಣ್ಯವನ್ನು ಕತ್ತರಿಸುವುದನ್ನೂ ಕರಗಿಸುವುದನ್ನೂ ನಿಷೇಧಿಸಿದೆ. ಆದುದರಿಂದ ಮಾರಾಟದ ಸರಕ್ಕೆ ಅಚ್ಚೊತ್ತಿದ ಬಿಲ್ಲೆಗಳನ್ನು ಬಳಸುವುದೇ ಸರಿ.

ಕವಡೆಯದು ಬೇರೆ ಕಥೆ. ಮಾಲ್ದೀವಿನ ಕಡಲಿನಿಂದ ಬಂದು ಒಂದು ಕಾಲಕ್ಕೆ ನಮ್ಮ ದೇಶದಲ್ಲಿ ಹಣವಾಗಿಯೇ ಚಲಾವಣೆಯಲ್ಲಿದ್ದ ಈ ಚಿಪ್ಪು ಕ್ಯಾಲ್ಸಿಯಂ ಕಾರ್ಬೊನೇಟಿನಿಂದಾದುದು. ಆಮ್ಲ ತಾಗಿದರೆ ಇಂಗಾಲದ ಡೈಆಕ್ಸೈಡನ್ನು ಬಿಟ್ಟು ಕರಗುತ್ತದೆ. ಲೋಹವನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಬೆಳಗುವ ನಮ್ಮ ಅಭ್ಯಾಸವು ಲೋಹಕ್ಕೆ ಒಳ್ಳೆಯದು, ಪಕ್ಕದಲ್ಲಿರುವ ಕವಡೆಯ ಹೊಳಪಿಗೆ ಮಾರಕ. ಲೋಹದ ಭಾಗಗಳನ್ನು ಪೋಣಿಸುವ ಮುನ್ನವೇ ಬೆಳಗಿ ತೊಳೆದು ಒಣಗಿಸಿಡಬೇಕು.

ಇಷ್ಟೆಲ್ಲ ನಿಯಮಗಳೂ ಕೊಳ್ಳುವವಳ ಚರ್ಮವನ್ನು ಕಾಯುವಂಥವು. ಮಾಡುವವನ ಶ್ವಾಸಕೋಶದ ಮಾತೇನು? ಬೆಸುಗೆ ಬೇಗ ಕರಗಲೆಂದು ಅದಕ್ಕೆ ಕ್ಯಾಡ್ಮಿಯಂ ಬೆರೆಸುವ ಪದ್ಧತಿಯೊಂದಿದೆ. ಕ್ಯಾಡ್ಮಿಯಂ 321 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಕರಗಿ 767 ಡಿಗ್ರಿಯಲ್ಲಿ ಕುದಿಯುತ್ತದೆ. ಊದುಗೊಳವೆಯ ಜ್ವಾಲೆ ಅದಕ್ಕಿಂತ ಬಹಳ ಬಿಸಿ. ಏಳುವ ಹೊಗೆಯು ಶ್ವಾಸಕೋಶವನ್ನು ಸುಡುತ್ತದೆ; ವರ್ಷಗಳ ಕಾಲ ಸ್ವಲ್ಪ ಸ್ವಲ್ಪವೇ ಸೇರಿದರೆ ಮೂತ್ರಪಿಂಡವನ್ನು ಕೆಡಿಸುತ್ತದೆ. ಪತ್ತಾರನ ಕುಲುಮೆ ಎಷ್ಟೋ ಕಡೆ ಮನೆಯ ಪಡಸಾಲೆಯಲ್ಲಿಯೇ ಇರುವುದರಿಂದ ಆ ಹೊಗೆಯಲ್ಲಿ ಮಕ್ಕಳಿಗೂ ಪಾಲುಂಟು. ಕ್ಯಾಡ್ಮಿಯಂ ಇಲ್ಲದ ಬೆಳ್ಳಿಬೆಸುಗೆ ದೊರೆಯುತ್ತದೆ. ಬೆಲೆ ಹೆಚ್ಚು, ಕೈಚಳಕವೂ ಹೆಚ್ಚು ಬೇಕು. ಆ ಹೆಚ್ಚಿನ ಬೆಲೆಯನ್ನು ಯಾರು ಕೊಡಬೇಕು? ಒಡವೆಯ ಬೆಲೆಯೊಳಗೇ ಅದು ಸೇರಬೇಕೆಂಬುದು ನ್ಯಾಯಯುತ ವ್ಯಾಪಾರದ ವಾದ. ನನಗೂ ಅದೇ ಸರಿಯೆಂದು ತೋರುತ್ತದೆ.

ಈ ಬಗೆಯ ವ್ಯಾಪಾರದ ಆರಂಭವನ್ನು ಸಾಮಾನ್ಯವಾಗಿ 1946ಕ್ಕೆ ಕೊಂಡೊಯ್ಯುತ್ತಾರೆ. ಆ ವರ್ಷ ಎಡ್ನಾ ರೂತ್ ಬೈಲರ್ ಎಂಬ ಅಮೆರಿಕದ ಮಹಿಳೆ ಪೋರ್ಟೊ ರಿಕೊದ ಬಡ ಹೆಂಗಸರ ಕಸೂತಿಯನ್ನು ಒಯ್ದು ತನ್ನ ಪರಿಚಿತರಿಗೆ ಮಾರಲಾರಂಭಿಸಿದಳು. ನಮ್ಮಲ್ಲಿ ವಿಜಯಪುರದ 'ಸಬಲಾ' ಸಂಸ್ಥೆಯನ್ನು ಶ್ರೀಮತಿ ಮಲ್ಲಮ್ಮ ಯಾಳವಾರ ಅವರು 1986ರಲ್ಲಿ ಸ್ಥಾಪಿಸಿದರು. ಲಂಬಾಣಿ ಹೆಣ್ಣುಮಕ್ಕಳ ಕಸೂತಿಯನ್ನೂ ಒಡವೆಗಳನ್ನೂ ಅದು ಹೊರಗಿನ ಮಾರುಕಟ್ಟೆಗೆ ತಲುಪಿಸುತ್ತ ಬಂದಿದೆ. ಬಳ್ಳಾರಿ ಜಿಲ್ಲೆಯ ಸಂಡೂರು ಕುಶಲ ಕಲಾ ಕೇಂದ್ರವು ಇದೇ ಹಾದಿಯದು. ಸಂಡೂರಿನ ಲಂಬಾಣಿ ಕಸೂತಿಗೆ ಭೌಗೋಳಿಕ ಗುರುತಿನ ಮಾನ್ಯತೆಯುಂಟು. 2023ರ ಜುಲೈಯಲ್ಲಿ ಹಂಪಿಯಲ್ಲಿ ಜಿ-20 ಸಂಸ್ಕೃತಿ ಸಭೆ ನಡೆದಾಗ 450ಕ್ಕೂ ಹೆಚ್ಚು ಲಂಬಾಣಿ ಮಹಿಳೆಯರು ತಯಾರಿಸಿದ 1755 ವಸ್ತುಗಳ ಪ್ರದರ್ಶನವು ಗಿನ್ನೆಸ್ ದಾಖಲೆಯಾಯಿತು.

ದಾಖಲೆಗಿಂತ ಕೂಲಿಯ ಲೆಕ್ಕ ನನಗೆ ಹೆಚ್ಚು ಸ್ವಾರಸ್ಯವಾಗಿ ಕಾಣುತ್ತದೆ. ಉದಾಹರಣೆಗಾಗಿ ಕೆಲವು ಅಂಕಿಗಳನ್ನು ಕಲ್ಪಿಸಿಕೊಳ್ಳೋಣ. ಒಂದು ಕೊರಳ ಸರಕ್ಕೆ ಲೋಹ, ಕವಡೆ, ನೂಲು ಸೇರಿ 180 ರೂಪಾಯಿ. ಎಂಟು ಗಂಟೆಯ ದಿನಗೂಲಿ 480 ರೂಪಾಯಿಯೆಂದರೆ ಗಂಟೆಗೆ 60. ಸರವನ್ನು ಮಾಡಲು ಎಷ್ಟು ಗಂಟೆ? ತಪ್ಪು ನುಸುಳುವುದು ಇಲ್ಲಿಯೇ. ವ್ಯಾಪಾರಿಯು ತಾಂಡಾದ ಅತ್ಯಂತ ಚುರುಕಾದ ಹುಡುಗಿಯನ್ನು ಕೂರಿಸಿ ಗಡಿಯಾರ ನೋಡುತ್ತಾನೆ, ನಾಲ್ಕು ಗಂಟೆ. ಸರಕ್ಕೆ 240 ಎಂದು ಗೊತ್ತುಮಾಡುತ್ತಾನೆ. ಉಳಿದವರಿಗೆ ಹಿಡಿಯುವುದು ಆರು ಗಂಟೆ. ಅವರಿಗೆ ಬೀಳುವುದು ಗಂಟೆಗೆ 40 ಮಾತ್ರ. ನೂಲಿಗೆ ಮೇಣ ಹಚ್ಚುವುದು, ಕವಡೆಯ ಬೆನ್ನನ್ನು ಕಲ್ಲಿನ ಮೇಲೆ ಉಜ್ಜಿ ತೂತು ಮಾಡುವುದು, ಸಾಮಾನು ತರಲು ಊರಿಗೆ ನಡೆದು ಹೋಗಿ ಬರುವುದು, ಇವು ಯಾವ ಗಡಿಯಾರಕ್ಕೂ ಕಾಣಿಸುವುದಿಲ್ಲ. ಹಲವರ ಕೈಯನ್ನು, ಹಲವು ದಿನ, ಬೆಳಗಿನಲ್ಲಿಯೂ ಸಂಜೆಯ ಮಬ್ಬಿನಲ್ಲಿಯೂ ಅಳೆದು ಸರಾಸರಿ ತೆಗೆದರೆ ಮಾತ್ರ ನಿಜವಾದ ಕಾಲ ತಿಳಿಯುತ್ತದೆ. ಭೌತಶಾಸ್ತ್ರದ ಪ್ರಯೋಗದಲ್ಲಿ ಒಂದೇ ಅಳತೆಯನ್ನು ನಂಬಬೇಡಿರೆಂದು ನಿಮ್ಮ ಅಧ್ಯಾಪಕರು ಹೇಳುವುದೂ ಇದನ್ನೇ.

ಆರು ಗಂಟೆಯೆಂದು ಒಪ್ಪಿದರೆ ಕೂಲಿ 360, ಸಾಮಾನಿನೊಡನೆ 540. ಸಂಸ್ಥೆಯ ಖರ್ಚಿಗೆ ಐದರಲ್ಲೊಂದು ಪಾಲು, 108, ಸೇರಿಸಿದರೆ 648. ಪಟ್ಟಣದ ಅಂಗಡಿಯು ಅದನ್ನು ಇಮ್ಮಡಿ ಮಾಡಿ 1296ಕ್ಕೆ ಮಾರೀತು. ಕೊಳ್ಳುವವರು ಈ ನಾಲ್ಕು ಸಾಲಿನ ಲೆಕ್ಕವನ್ನು ಕೇಳಿ ನೋಡಬಹುದು. ಪ್ರಾಮಾಣಿಕ ಸಂಸ್ಥೆಯು ತೋರಿಸಲು ಹಿಂಜರಿಯುವುದಿಲ್ಲ.

ಇನ್ನು ಹಣ ಯಾವಾಗ ಬರುತ್ತದೆಂಬುದು. ವಿಶ್ವ ನ್ಯಾಯಯುತ ವ್ಯಾಪಾರ ಸಂಘಟನೆಯ ತತ್ತ್ವಗಳ ಪ್ರಕಾರ, ಕರಕುಶಲ ವಸ್ತುಗಳನ್ನು ಕೊಳ್ಳುವವನು ಕೇಳಿದಲ್ಲಿ ಬೆಲೆಯ ಅರ್ಧವನ್ನಾದರೂ ಬಡ್ಡಿಯಿಲ್ಲದೆ ಮುಂಗಡವಾಗಿ ಕೊಡಬೇಕು. ಇದರ ಮಹತ್ತ್ವ ವಿಜಯಪುರದಂತಹ ಬರಗಾಲದ ಸೀಮೆಯವರಿಗೆ ಬೇಗ ಅರ್ಥವಾಗುತ್ತದೆ. ಹಿಂಗಾರಿನ ಸುಗ್ಗಿ ಮುಗಿದರೆ ಮುಂಗಾರಿನವರೆಗೆ ಹೊಲದಲ್ಲಿ ಕೆಲಸವಿಲ್ಲ; ತಾಂಡಾದ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ಮಹಾರಾಷ್ಟ್ರಕ್ಕೂ ಗೋವೆಗೂ ಕೂಲಿಗೆ ಹೋಗುತ್ತವೆ. ಶಾಲೆ ಅಲ್ಲಿಗೆ ನಿಲ್ಲುತ್ತದೆ. ಗುತ್ತಿಗೆದಾರನು ಮುಂಗಡ ಕೊಟ್ಟೇ ಅವರನ್ನು ಒಯ್ಯುವುದು. ಒಡವೆಯ ಮುಂಗಡವು ಅವನ ಮುಂಗಡಕ್ಕಿಂತ ಒಂದು ವಾರ ಮೊದಲು ತಾಂಡಾಕ್ಕೆ ತಲುಪಿದರೆ ಕೆಲವು ಮನೆಗಳಾದರೂ ಬೀಗ ಹಾಕದೆ ಉಳಿಯುತ್ತವೆ. ಒಂದು ವಾರ ತಡವಾದರೆ ಸರ ಪೋಣಿಸಲು ಊರಿನಲ್ಲಿ ಯಾರೂ ಇರುವುದಿಲ್ಲ.