ಪರಮಪ್ರಸಾದ ಮತ್ತು ಕರ್ತನ ಭೋಜನ: ಪದಗಳೊಳಗಿನ ವಿವಾದ

ಹಗರೆಯಿರುವ ಹಾಸನ ಸೀಮೆಯಲ್ಲಿ ಶೆಟ್ಟಿಹಳ್ಳಿಯ ಚರ್ಚನ್ನು ಫ್ರೆಂಚ್ ಕ್ಯಾಥೊಲಿಕ್ ಪಾದ್ರಿಗಳು ಕಟ್ಟಿದರೆ, ಹಾಸನ ಪಟ್ಟಣದಲ್ಲಿ ಪ್ರೊಟೆಸ್ಟಂಟರ ವೆಸ್ಲಿಯನ್ ಮಿಷನ್ ನೆಲೆಯೂರಿತು. ಯೇಸುವಿನ ಕಡೆಯ ಊಟವನ್ನು ಆಧರಿಸಿದ ಆಚರಣೆ ಕನ್ನಡ ಕ್ಯಾಥೊಲಿಕರಿಗೆ ‘ಬಲಿಪೂಜೆ’, ಅಲ್ಲಿ ಸ್ವೀಕರಿಸುವುದು ‘ಪರಮಪ್ರಸಾದ’. ಪ್ರೊಟೆಸ್ಟಂಟರಿಗೆ ಅದು ‘ಕರ್ತನ ಭೋಜನ’. ಭೇದವು ಹೆಸರಿನಷ್ಟಕ್ಕೇ ನಿಲ್ಲುವುದಿಲ್ಲ. ರೊಟ್ಟಿ, ದ್ರಾಕ್ಷಾರಸಗಳ ತೋರಿಕೆ ಉಳಿದರೂ ಸತ್ತ್ವವು ಕ್ರಿಸ್ತನ ಶರೀರ, ರಕ್ತಗಳಾಗಿ ಮಾರ್ಪಡುತ್ತದೆಂದು 1551ರಲ್ಲೂ, ಪೂಜೆಯು ನಿಜವಾದ ಬಲಿಯೆಂದು 1562ರಲ್ಲೂ ಟ್ರೆಂಟ್ ಮಹಾಸಭೆ ಸಾರಿತು. ಪ್ರೊಟೆಸ್ಟಂಟರು ಇವೆರಡನ್ನೂ ಒಪ್ಪಲಿಲ್ಲ. ಅವರೊಳಗಿನ ಒಮ್ಮತವಂತೂ 1529ರ ಮಾರ್ಬುರ್ಗ್ ಸಂವಾದದಲ್ಲೇ ಮುರಿದಿತ್ತು: ಕ್ರಿಸ್ತನ ಶರೀರ ರೊಟ್ಟಿಯಲ್ಲಿ ನಿಜವಾಗಿ ಇದೆಯೆಂದು ಲೂಥರ್, ರೊಟ್ಟಿ ಅದರ ಸಂಕೇತವಷ್ಟೇ ಎಂದು ಜ್ವಿಂಗ್ಲಿ ಪಟ್ಟು ಹಿಡಿದರು.

‘ಪ್ರಸಾದ’ ಗುಡಿಯ ನುಡಿ. ದೇವರಿಗೆ ಅರ್ಪಿತವಾಗಿ ಮರಳಿ ಬಂದದ್ದು. ಅರ್ಪಣೆಯ ಅರ್ಥವನ್ನು ಅದು ಸಹಜವಾಗಿ ಹೊರುತ್ತದೆ. ಸತ್ತ್ವದ ಮಾರ್ಪಾಡನ್ನು ಮಾತ್ರ ಹೇಳಲಾರದು. ಆ ಭಾರವೆಲ್ಲ ‘ಪರಮ’ ಎಂಬ ವಿಶೇಷಣದ ಮೇಲೆ ಬಿದ್ದಿದೆ. ‘ಭೋಜನ’ದಲ್ಲಾದರೋ ಬಲಿಯ ಸುಳಿವೇ ಇಲ್ಲ.