ಒಮ್ಮೆ ಕೊಟ್ಟ ಮಾತು

ಕನ್ನಡದಲ್ಲಿ 'ವ್ಯಸನ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಮನೆಯಲ್ಲಿ ಸಾವುನೋವು ಸಂಭವಿಸಿದಾಗ 'ವ್ಯಸನಪಡಬೇಡಿ' ಎಂದು ಹಿರಿಯರು ಸಮಾಧಾನ ಹೇಳುತ್ತಾರೆ; ಅಲ್ಲಿ ವ್ಯಸನವೆಂದರೆ ದುಃಖ. ಬಿಡಲಾಗದ ಚಟಕ್ಕೂ ಅದೇ ಹೆಸರು. ಜೂಜು, ಬೇಟೆ, ಮದ್ಯಪಾನ ಮೊದಲಾದುವನ್ನು ನಮ್ಮ ಪ್ರಾಚೀನರು ಸಪ್ತವ್ಯಸನಗಳೆಂದು ಎಣಿಸಿದ್ದರು. ಒಂದೇ ಪದವು ಈ ಎರಡು ಅರ್ಥಗಳನ್ನೂ ಹೊತ್ತಿರುವುದು ಕೇವಲ ಆಕಸ್ಮಿಕವೆಂದು ತೋರುವುದಿಲ್ಲ. ಕುಡಿತಕ್ಕೋ ಮಾದಕ ದ್ರವ್ಯಕ್ಕೋ ವಶನಾದವನ ಮನೆಯನ್ನು ಹೊಕ್ಕು ನೋಡಿದವರಿಗೆ, ಅಲ್ಲಿ ಚಟ ಎಲ್ಲಿ ಮುಗಿಯಿತು, ದುಃಖ ಎಲ್ಲಿ ಮೊದಲಾಯಿತು ಎಂದು ಬಿಡಿಸಿ ಹೇಳುವುದು ಕಷ್ಟ.

'ಇಷ್ಟೆಲ್ಲ ಹಾನಿ ಕಣ್ಣಿಗೆ ಕಾಣುತ್ತಿದ್ದರೂ ಅವನೇಕೆ ಬಿಡಬಾರದು?' ಎಂದು ನೆರೆಹೊರೆಯವರು ಕೇಳುತ್ತಾರೆ. ಬಿಡಬೇಕೆಂದು ಅವನೂ ಹಲವು ಬಾರಿ ನಿಶ್ಚಯಿಸಿರುತ್ತಾನೆ. ಆದರೆ ವರ್ಷಗಟ್ಟಲೆ ಮಾದಕ ಪದಾರ್ಥವನ್ನು ಸೇವಿಸಿದ ದೇಹವು ಅದಕ್ಕೆ ಒಗ್ಗಿಕೊಂಡು, ಅದು ದೊರೆಯದಿದ್ದಾಗ ದಂಗೆಯೇಳುತ್ತದೆ. ಅಫೀಮಿನಿಂದ ತಯಾರಾಗುವ ಹೆರಾಯಿನ್ನನ್ನು ಬಿಟ್ಟವನಿಗೆ ಒಂದೇ ದಿನದೊಳಗೆ ಬೆವರು, ನಡುಕ, ಮೈಕೈ ನೋವು, ವಾಂತಿಭೇದಿ ತೊಡಗುತ್ತವೆ. ಎರಡನೆಯ, ಮೂರನೆಯ ದಿನಗಳಲ್ಲಿ ಯಾತನೆ ಪರಾಕಾಷ್ಠೆಯನ್ನು ಮುಟ್ಟಿ, ವಾರದೊಳಗೆ ಬಹುಮಟ್ಟಿಗೆ ಇಳಿಯುತ್ತದೆ. ಒಂದು ಚಿಟಿಕೆ ಪುಡಿ ಕೈಗೆ ಸಿಕ್ಕರೆ ಸಾಕು, ಈ ನರಳಾಟವೆಲ್ಲ ಕ್ಷಣದಲ್ಲಿ ಮಾಯವಾಗುವುದೆಂದು ಅವನಿಗೆ ಗೊತ್ತು. ಮನೆಯಲ್ಲಿದ್ದುಕೊಂಡು, ಹಳೆಯ ಗೆಳೆಯರ ನಡುವೆ, ಈ ಒಂದು ವಾರವನ್ನು ದಾಟುವವರು ವಿರಳ. ಆದಕಾರಣವೇ ವ್ಯಸನಿಯನ್ನು ಸ್ವಲ್ಪ ಕಾಲ ಬೇರೊಂದು ಸ್ಥಳದಲ್ಲಿ ಇರಿಸಿ ಉಪಚರಿಸುವ ಪದ್ಧತಿ ಹುಟ್ಟಿತು. ಆಸ್ಪತ್ರೆಗಳು ಈ ಕೆಲಸಕ್ಕೆ ಕೈಹಾಕುವ ಮೊದಲೇ ಹಲವೆಡೆ ಮಠ, ವಿಹಾರ, ಚರ್ಚುಗಳು ಅದನ್ನು ವಹಿಸಿಕೊಂಡಿದ್ದವು. ಅಂಥವುಗಳಲ್ಲಿ ಒಂದು ಥೈಲೆಂಡಿನಲ್ಲಿದೆ.

ಬ್ಯಾಂಕಾಕ್ ನಗರದಿಂದ ಉತ್ತರಕ್ಕೆ ನೂರಕ್ಕೂ ಹೆಚ್ಚು ಕಿಲೋಮೀಟರು ಸಾಗಿದರೆ ಸರಬುರಿ ಎಂಬ ಪ್ರಾಂತ ಸಿಗುತ್ತದೆ. ಬುದ್ಧನ ಪಾದಮುದ್ರೆಯೆಂದು ಜನ ಪೂಜಿಸುವ ಶಿಲೆಯೊಂದು ಇರುವುದು ಇಲ್ಲಿಯೇ. ಈ ಪ್ರಾಂತದ ಸುಣ್ಣಕಲ್ಲಿನ ಗುಡ್ಡಗಳ ನಡುವೆ 'ವಾಟ್ ಥಾಮ್ ಕ್ರಬೋಕ್' ಎಂಬ ಬೌದ್ಧ ವಿಹಾರವಿದೆ. 'ವಾಟ್' ಎಂದರೆ ವಿಹಾರ, 'ಥಾಮ್' ಎಂದರೆ ಗುಹೆ. 1957ರಲ್ಲಿ ಒಬ್ಬ ಸಂನ್ಯಾಸಿನಿ ತನ್ನ ಬಂಧುಗಳಾದ ಇಬ್ಬರು ಭಿಕ್ಷುಗಳೊಡನೆ ಇಲ್ಲಿ ನೆಲೆಸಿದಳು. ಭಕ್ತರು ಆಕೆಯನ್ನು 'ಲುವಾಂಗ್ ಪೋ ಯಾಯಿ' ಎಂದು ಕರೆದರು. ಆ ದೇಶದಲ್ಲಿ 'ಲುವಾಂಗ್ ಪೋ' ಎಂಬುದು ಹಿರಿಯ ಭಿಕ್ಷುವಿಗೆ ಸಲ್ಲುವ 'ಪೂಜ್ಯ ತಂದೆ' ಎಂಬ ಗೌರವ. ಹೆಂಗಸೊಬ್ಬಳಿಗೆ ಅದು ಸಂದಿತೆಂಬುದೇ ಆಕೆಯ ವ್ಯಕ್ತಿತ್ವ ಎಂತಹುದೆಂಬುದನ್ನು ಹೇಳುತ್ತದೆ. ಭಿಕ್ಷುಗಳಲ್ಲಿ ಒಬ್ಬರಾದ ಚಮ್ರೂನ್ ಪಾರ್ನ್‌ಚಾಂದ್ ಅವರು ಕಾಷಾಯ ಧರಿಸುವ ಮೊದಲು ಪೊಲೀಸ್ ಇಲಾಖೆಯಲ್ಲಿದ್ದವರು.

ಆ ದೇಶದಲ್ಲಿ ಬಹುಕಾಲ ಅಫೀಮಿನ ಮಾರಾಟ ಸರ್ಕಾರದ ಅನುಮತಿಯಿಂದಲೇ ನಡೆದಿತ್ತು. 1959ರಲ್ಲಿ ಅದನ್ನು ನಿಷೇಧಿಸಲಾಯಿತು. ಅಫೀಮಿನ ಅಂಗಡಿಗಳ ಬಾಗಿಲು ಮುಚ್ಚಿದವು. ಆದರೆ ಅದಕ್ಕೆ ದಾಸರಾಗಿದ್ದವರ ದೇಹಕ್ಕೆ ಸರ್ಕಾರದ ಆಜ್ಞೆ ತಿಳಿಯುವುದೆಂತು? ಅವರು ಎಲ್ಲಿಗೆ ಹೋಗಬೇಕು? ಅದೇ ವರ್ಷ ಗುಹೆಯ ವಿಹಾರ ಅವರಿಗೆ ಬಾಗಿಲು ತೆರೆಯಿತು. ಮುಂದೆ ಅಫೀಮಿನ ಜಾಗಕ್ಕೆ ಹೆರಾಯಿನ್ ಬಂದಿತು, ಮದ್ಯವ್ಯಸನಿಗಳೂ ಬಂದರು, ಕಾಲಕ್ರಮದಲ್ಲಿ ಯುರೋಪು, ಅಮೆರಿಕಗಳಿಂದಲೂ ಜನ ಬರತೊಡಗಿದರು. ಇದುವರೆಗೆ ಲಕ್ಷಕ್ಕೂ ಮಿಕ್ಕ ಜನ ಇಲ್ಲಿ ಚಿಕಿತ್ಸೆ ಪಡೆದಿದ್ದಾರೆಂದು ವಿಹಾರದವರು ಹೇಳುತ್ತಾರೆ. 1975ರಲ್ಲಿ ಚಮ್ರೂನ್ ಅವರಿಗೆ ಲೋಕಸೇವೆಗಾಗಿ ಮ್ಯಾಗ್ಸೇಸೆ ಪ್ರಶಸ್ತಿ ದೊರೆಯಿತು. ಅವರು 1999ರಲ್ಲಿ ತೀರಿಕೊಂಡರು. ಅವರು ಹಾಕಿಕೊಟ್ಟ ಕ್ರಮವನ್ನು ವಿಹಾರ ಉಳಿಸಿಕೊಂಡು ಬಂದಿದೆ.

ಆ ಕ್ರಮದಲ್ಲಿ ಔಷಧಿಗಿಂತ ಮೊದಲು ಬರುವುದು ಮಾತು. ಬಂದವನು ಭಿಕ್ಷುವಿನ ಮುಂದೆ ಮಂಡಿಯೂರಿ, ಇಂತಿಂಥ ಪದಾರ್ಥವನ್ನು ಇನ್ನು ಮುಟ್ಟುವುದಿಲ್ಲವೆಂದು ವಚನ ಕೊಡಬೇಕು. ಈ ವಚನಕ್ಕೆ ಥಾಯ್ ಭಾಷೆಯಲ್ಲಿ 'ಸಜ್ಜ' ಎಂದು ಹೆಸರು. ಕೇಳಲು ಪರಭಾಷೆಯ ಪದವೆನಿಸಿದರೂ ಇದು ನಮಗೆ ಅಪರಿಚಿತವಲ್ಲ. ಪಾಲಿ ಭಾಷೆಯ 'ಸಚ್ಚ' ಅಲ್ಲಿ 'ಸಜ್ಜ' ಆಗಿದೆ. ಅದೇ ಸಂಸ್ಕೃತದಲ್ಲಿಯೂ ಕನ್ನಡದಲ್ಲಿಯೂ 'ಸತ್ಯ'. ಆಣೆಯಿಡುವುದನ್ನು 'ಸತ್ಯ ಮಾಡುವುದು' ಎಂದು ನಮ್ಮ ಹಳ್ಳಿಗಳಲ್ಲಿ ಹೇಳುವುದುಂಟಷ್ಟೆ. ಅನ್ಯಮತೀಯರಿಗೂ ಇಲ್ಲಿ ತಡೆಯಿಲ್ಲ. ಆದರೆ ವಿಹಾರದ ಹಳೆಯ ನಿಯಮ ಒಂದು ವಿಷಯದಲ್ಲಿ ಕಠಿಣವಾದುದು: ಈ ವಚನವನ್ನೂ ಚಿಕಿತ್ಸೆಯನ್ನೂ ಒಬ್ಬನು ಪಡೆಯಬಹುದಾದುದು ಜೀವಮಾನದಲ್ಲಿ ಒಮ್ಮೆ ಮಾತ್ರ.

ಅನಂತರದ ಐದು ದಿನಗಳು ಸುಲಭವಾದುವಲ್ಲ. ಪ್ರತಿದಿನ ಮಧ್ಯಾಹ್ನ ಕಳೆದ ಮೇಲೆ, ಹೊಸದಾಗಿ ಬಂದವರನ್ನು ಒಂದು ಚರಂಡಿಯ ಅಂಚಿನಲ್ಲಿ ಸಾಲಾಗಿ ಮಂಡಿಯೂರಿ ಕೂರಿಸುತ್ತಾರೆ. ಪ್ರತಿಯೊಬ್ಬನ ಎದುರಿಗೂ ನೀರು ತುಂಬಿದ ಬಕೆಟ್ಟು. ಭಿಕ್ಷುವು ಕಂದು ಬಣ್ಣದ ಕಷಾಯವನ್ನು ಪುಟ್ಟ ಲೋಟದಲ್ಲಿ ಕೊಡುತ್ತಾನೆ. ನೂರಕ್ಕೂ ಹೆಚ್ಚು ಬಗೆಯ ಸಸ್ಯಗಳಿಂದ ಅದು ತಯಾರಾಗುವುದೆಂದು ಹೇಳುತ್ತಾರೆ. ಅದನ್ನು ಕುಡಿದು, ಮೇಲೆ ನೀರನ್ನು ಹೊಟ್ಟೆ ಬಿರಿಯುವಂತೆ ಕುಡಿದೊಡನೆ ಭಯಂಕರವಾದ ವಾಂತಿ ಆರಂಭವಾಗುತ್ತದೆ. ಆಗ ಅವರ ಹಿಂದೆ ನಿಂತವರು ಡೋಲು ಬಾರಿಸುತ್ತ, ತಾಳ ತಟ್ಟುತ್ತ ಗಟ್ಟಿಯಾಗಿ ಹಾಡುತ್ತಾರೆ. ಹಾಡುವವರು ಬೇರೆ ಯಾರೂ ಅಲ್ಲ. ಕೆಲವೇ ದಿನಗಳ ಹಿಂದೆ ಅದೇ ಚರಂಡಿಯ ಅಂಚಿನಲ್ಲಿ ಕುಳಿತಿದ್ದವರು! ಉಳಿದ ಹೊತ್ತಿನಲ್ಲಿ ಸೊಪ್ಪುಬೇರುಗಳ ಹಬೆಸ್ನಾನ, ಅಂಗಳ ಗುಡಿಸುವ ಕೆಲಸ, ಧ್ಯಾನ, ವಿಶ್ರಾಂತಿ. ಚಿಕಿತ್ಸೆಗೆ ಶುಲ್ಕವಿಲ್ಲ.

ಈ ಕಷಾಯವೇ ವ್ಯಸನವನ್ನು ಹೊರಹಾಕುವುದೇ? ವೈದ್ಯಶಾಸ್ತ್ರ ಹಾಗೆ ಒಪ್ಪುವುದಿಲ್ಲ. ರಕ್ತವನ್ನು ಸೇರಿಹೋದ ಮಾದಕ ದ್ರವ್ಯವನ್ನು ದೇಹದಿಂದ ಕಳೆಯುವ ಕೆಲಸ ಯಕೃತ್ತು ಮತ್ತು ಮೂತ್ರಪಿಂಡಗಳದು. ವಾಂತಿಯಿಂದ ಅದು ಹೆಚ್ಚೇನೂ ಹೊರಬೀಳದು. ಐದಾರು ದಿನ ಕಾದರೆ ಯಾತನೆ ಕಷಾಯವಿಲ್ಲದೆಯೂ ಇಳಿಯುತ್ತದೆ. ಹಾಗಾದರೆ ಕಷಾಯ ಮಾಡುವುದೇನು? ನನಗೆ ತೋರುವಂತೆ, ಅದು ಕಾಯುವುದನ್ನು ಸಾಧ್ಯವಾಗಿಸುತ್ತದೆ. ಕತ್ತಲ ಕೋಣೆಯಲ್ಲಿ ಒಬ್ಬನೇ, ನಾಚಿಕೆಯಿಂದ ಅನುಭವಿಸುತ್ತಿದ್ದ ನರಳಾಟವನ್ನು ಹತ್ತು ಜನರ ಎದುರು, ಹಾಡಿನ ನಡುವೆ ಅನುಭವಿಸುವಂತೆ ಮಾಡುತ್ತದೆ. ತನಗಿಂತ ಐದು ದಿನ ಮುಂದಿರುವವನು ಕಣ್ಣೆದುರಿಗೇ ಡೋಲು ಬಾರಿಸುತ್ತ ನಿಂತಿರುವಾಗ, 'ಇದನ್ನು ದಾಟಲಾಗದು' ಎಂದು ಹೇಳುವುದು ಹೇಗೆ? ಕೊಟ್ಟ ಮಾತಿಗೂ ಬೆಲೆ ಬರುವುದು ಅದನ್ನು ಕೇಳಿದವರು ಇರುವುದರಿಂದಲೇ.

ಆದರೆ ಇಂಥ ಸ್ಥಳಗಳನ್ನು ಕುರಿತು ಬರೆಯುವಾಗ ಎರಡು ಅಪಾಯಗಳನ್ನು ಹೇಳದೆ ಬಿಡುವಂತಿಲ್ಲ. ಮೊದಲನೆಯದು ಮದ್ಯಕ್ಕೆ ಸಂಬಂಧಿಸಿದುದು. ಹೆರಾಯಿನ್ ಬಿಡುವಾಗಿನ ಯಾತನೆ ಭೀಕರವಾದರೂ ಸಾಮಾನ್ಯವಾಗಿ ಪ್ರಾಣ ತೆಗೆಯುವುದಿಲ್ಲ. ಬಹುಕಾಲ ಅತಿಯಾಗಿ ಕುಡಿದವನು ಒಮ್ಮೆಲೇ ಕುಡಿತ ನಿಲ್ಲಿಸಿದರೆ ಹಾಗಲ್ಲ. ಮೊದಲ ಎರಡು ಮೂರು ದಿನಗಳಲ್ಲಿ ಅವನಿಗೆ ಫಿಟ್ಸ್ ಬರಬಹುದು, ಸನ್ನಿ ಹಿಡಿಯಬಹುದು, ಅದು ಮರಣದಲ್ಲಿಯೂ ಕೊನೆಗೊಳ್ಳಬಹುದು. ಆ ದಿನಗಳಲ್ಲಿ ವೈದ್ಯನು ಹತ್ತಿರವಿರಲೇಬೇಕು. ಪ್ರಾರ್ಥನೆಯಾಗಲಿ ಪ್ರತಿಜ್ಞೆಯಾಗಲಿ ಆ ಕೆಲಸವನ್ನು ಮಾಡಲಾರದು.

ಎರಡನೆಯ ಅಪಾಯ ಇನ್ನೂ ಗೂಢವಾದುದು. ಕೆಲವು ದಿನ ಹೆರಾಯಿನ್ ಬಿಟ್ಟವನ ದೇಹವು ಹಿಂದಿನ ಸಹನಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅವನು ಊರಿಗೆ ಮರಳಿ, ಒಂದು ಸಂಜೆ ಸೋತು, ಹಿಂದೆ ತೆಗೆದುಕೊಳ್ಳುತ್ತಿದ್ದಷ್ಟೇ ಪ್ರಮಾಣವನ್ನು ತೆಗೆದುಕೊಂಡರೆ ಉಸಿರು ನಿಂತುಹೋಗಬಹುದು. ಜೀವಮಾನದಲ್ಲಿ ಒಮ್ಮೆ ಮಾತ್ರ ಎಂಬ ನಿಯಮ ಕಳವಳ ಹುಟ್ಟಿಸುವುದು ಇಲ್ಲಿಯೇ. ಆ ನಿಯಮವು ವಚನವನ್ನು ಹಗುರವಾಗಿ ಕೊಡದಂತೆ ತಡೆಯುತ್ತದೆ, ನಿಜ. ಆದರೆ ವ್ಯಸನವನ್ನು ಇಂದಿನ ವೈದ್ಯರು ಮತ್ತೆ ಮತ್ತೆ ಮರುಕಳಿಸುವ ಒಂದು ರೋಗವೆಂದೇ ತಿಳಿಯುತ್ತಾರೆ. ಮಲೇರಿಯ ಮರುಕಳಿಸಿದವನನ್ನು ಯಾವ ಆಸ್ಪತ್ರೆಯೂ ಹಿಂದಕ್ಕೆ ಕಳುಹಿಸುವುದಿಲ್ಲ. ಮಾತು ತಪ್ಪಿದವನಿಗೇ ಬಾಗಿಲು ಹೆಚ್ಚು ಅಗತ್ಯವಲ್ಲವೇ? ಎಷ್ಟು ಮಂದಿ ಮಾತು ಉಳಿಸಿಕೊಂಡರೆಂದು ಲೆಕ್ಕ ಹಾಕುವುದೂ ಕಷ್ಟವೇ. ಗೆದ್ದವನು ಬಂದು ಹೇಳುತ್ತಾನೆ, ಸೋತವನು ಮುಖ ತೋರಿಸುವುದಿಲ್ಲ.

ಹೀಗೆ ಪ್ರಶ್ನೆಯು ಐದು ದಿನಗಳಿಂದ ಆರನೆಯ ದಿನಕ್ಕೆ ಬಂದು ನಿಲ್ಲುತ್ತದೆ. ಈ ಆರನೆಯ ದಿನದ ಬಗ್ಗೆ ನಮ್ಮ ನಾಡಿನಲ್ಲಿಯೇ ಒಂದು ಪ್ರಯತ್ನ ನಡೆದಿದೆ. ಧರ್ಮಸ್ಥಳದ ಆಶ್ರಯದಲ್ಲಿ ಜನಜಾಗೃತಿ ವೇದಿಕೆಯು ಕರ್ನಾಟಕದ ಊರೂರುಗಳಲ್ಲಿ ಮದ್ಯವರ್ಜನ ಶಿಬಿರಗಳನ್ನು ನಡೆಸುತ್ತ ಬಂದಿದೆ. ಅವುಗಳ ಸಂಖ್ಯೆ ಒಂದೂವರೆ ಸಾವಿರವನ್ನು ದಾಟಿದೆ. ಇಲ್ಲಿ ವ್ಯಸನಿಯು ದೂರದ ವಿಹಾರವನ್ನು ಅರಸಿ ಹೋಗುವುದಿಲ್ಲ; ಶಿಬಿರವೇ ಅವನ ಊರಿನ ಸಮೀಪದ ಸಭಾಭವನಕ್ಕೆ ಬರುತ್ತದೆ. ಸುಮಾರು ಎಂಟು ದಿನ ಅಲ್ಲಿಯೇ ವಾಸ. ಯೋಗ, ಭಜನೆ, ಉಪನ್ಯಾಸ, ಸಲಹೆಗಳ ಜೊತೆಗೆ ಆರೋಗ್ಯ ಸಹಾಯಕಿಯ ಉಪಚಾರವೂ ಇರುತ್ತದೆ. ಊರಿನವರೇ ಸಮಿತಿ ರಚಿಸಿಕೊಂಡು ಅನ್ನ ನೀರಿನ ವ್ಯವಸ್ಥೆ ನೋಡುತ್ತಾರೆ. ನಿನ್ನೆಯವರೆಗೆ ಕುಡುಕನೆಂದು ಜರೆದವರು ಇಂದು ಎಲೆಗೆ ಬಡಿಸುತ್ತಾರೆ. ಮನೆಯವರನ್ನೂ ಕರೆಸಿ ಮಾತನಾಡಿಸುತ್ತಾರೆ, ಏಕೆಂದರೆ ಅವನು ಮರಳಬೇಕಾದುದು ಅವರಲ್ಲಿಗೇ.

ಶಿಬಿರ ಮುಗಿದ ಮೇಲೆ ಅಲ್ಲಿದ್ದವರೆಲ್ಲ 'ನವಜೀವನ ಸಮಿತಿ' ಎಂಬ ಕೂಟಗಳಾಗಿ ಮತ್ತೆ ಮತ್ತೆ ಸೇರುತ್ತಾರೆ. ಕುಡಿತವಿಲ್ಲದೆ ನೂರು ದಿನ ಕಳೆದಾಗ ಅವರು ನಡೆಸುವ ಸಮಾರಂಭಕ್ಕೆ ಶತದಿನೋತ್ಸವ ಎಂದು ಹೆಸರು. ಚಲನಚಿತ್ರವೊಂದು ನೂರು ದಿನ ಓಡಿದರೆ ಅದಕ್ಕೆ ಶತದಿನೋತ್ಸವ ನಡೆಯುವುದನ್ನು ನಾವು ಬಲ್ಲೆವು. ಇಲ್ಲಿ ಓಡಿರುವುದು ಒಬ್ಬ ಕೂಲಿಯವನ, ಒಬ್ಬ ಬಡಗಿಯ, ಒಬ್ಬ ಲಾರಿ ಚಾಲಕನ ಬರಿಯ ನೂರು ದಿನಗಳು. ಅವರು ಸಂಸಾರಸಮೇತ ಬಂದು ಕುಳಿತಿರುತ್ತಾರೆ. ನೂರ ಒಂದನೆಯ ದಿನ ಅವರಿಗೆ ಮರುದಿನ ಬೆಳಿಗ್ಗೆ ಆರಂಭವಾಗುತ್ತದೆ.