ಬಳಪದ ಕಲ್ಲು, ಕಪ್ಪು–ಬಿಳುಪು ರೀಲು

ಮದ್ರಾಸ್ ಸೇನೆಯ ಅಧಿಕಾರಿ ಅಲೆಕ್ಸಾಂಡರ್ ಗ್ರೀನ್‌ಲಾ 1856ರಲ್ಲಿ ವಿಜಯನಗರದ ಪಾಳು ಗುಡಿಗಳ ಫೋಟೊ ತೆಗೆದದ್ದು ಮೇಣ ಹಚ್ಚಿದ ಕಾಗದದ ನೆಗೆಟಿವ್‌ಗಳ ಮೇಲೆ. ಒಂದೊಂದು ಚಿತ್ರಕ್ಕೂ ಕ್ಯಾಮೆರಾದ ಬಾಯಿ ನಿಮಿಷಗಟ್ಟಲೆ ತೆರೆದಿರಬೇಕಿತ್ತು. ಇಂದು ನೋಡಿದರೂ ಆ ಕಲ್ಲಿನ ಒರಟು ಮೈ ಕಣ್ಣಿಗೆ ತಾಗುತ್ತದೆ. ತುಂಗಭದ್ರೆಯ ಈಚೆ, ಕೊಪ್ಪಳದ ಕಡೆಯ ದಡದ ಆನೆಗೊಂದಿ, ಗಂಗಾವತಿ ಸೀಮೆಯಲ್ಲೂ ಅದೇ ಬಂಡೆ, ಅದೇ ಬಿಸಿಲು. ಹಳೆಯ ಕ್ಯಾಮೆರಾ ಹಿಡಿದು ಫೋಟೊ ಕಲಿಯಹೊರಟವರಿಗೆ ಇದಕ್ಕಿಂತ ಒಳ್ಳೆಯ ಸಾಲಿ ಬೇರೆಲ್ಲಿ ಸಿಕ್ಕೀತು!

ಮನೆಯ ಅಟ್ಟದಲ್ಲಿ ಆಗ್ಫಾ ಕ್ಲಿಕ್-3 ಇದ್ದರೆ ಅದು ಬರೋಡಾದಲ್ಲಿ ತಯಾರಾದದ್ದು. 120ರ ರೀಲಿಗೆ 12 ಚಿತ್ರ. ಆಗ ಹಾಕುತ್ತಿದ್ದ ಊಟಿಯ ‘ಇಂದು’ ರೀಲು ಈಗಿಲ್ಲ. ಕೊಡಕ್ ಅಥವಾ ಇಲ್ಫೋರ್ಡ್ ತರಿಸಿಕೊಳ್ಳಬೇಕು. ಕಲಿಕೆಗೆ ಪೆಂಟಾಕ್ಸ್ ಕೆ-1000 ಥರದ 35 ಎಂಎಂ ಕ್ಯಾಮೆರಾ ಮೇಲು. ಅದರ ಬ್ಯಾಟರಿ ಬೆಳಕಿನ ಮೀಟರಿಗೆ ಮಾತ್ರ. ಬ್ಯಾಟರಿ ಸತ್ತರೂ ಶಟರ್ ಓಡುತ್ತದೆ. ಕೊಳ್ಳುವಾಗ ಲೆನ್ಸಿನ ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ: ಜೇಡರ ಬಲೆಯಂತೆ ಎಳೆಗಳು ಕಂಡರೆ ಫಂಗಸ್, ಬೇಡ. ಹಿಂಬದಿಯ ಬಾಗಿಲಂಚಿನ ಸ್ಪಂಜು ಅಂಟಂಟಾಗಿದ್ದರೆ ಚಿಂತೆಯಿಲ್ಲ, ಬದಲಿಸಬಹುದು. ರೀಲಿನ ಖರ್ಚು ಭಾರವೆನಿಸಿದವರು ಹೀಲಿಯೋಸ್, ಟಕುಮಾರ್‌ನಂಥ ತಿರುಪಿನ ಲೆನ್ಸುಗಳನ್ನು ಅಡಾಪ್ಟರ್ ಹಾಕಿ ಮಿರರ್‌ಲೆಸ್ ಕ್ಯಾಮೆರಾಕ್ಕೆ ಕೂಡಿಸಿಕೊಳ್ಳಲಿ. ಫೋಕಸ್ ಮಾತ್ರ ಕೈಯಿಂದಲೇ ಆಗಬೇಕು.

ಮೊದಲ ರೀಲು ಹಿರೇಬೆಣಕಲ್ಲಿನಲ್ಲಿ ಮುಗಿಯಲಿ. ಗುಡ್ಡದ ಮೇಲೆ ಕಲ್ಲುಚಪ್ಪಡಿ ನಿಲ್ಲಿಸಿ ಕಟ್ಟಿದ ನೂರಾರು ಬೃಹತ್ ಶಿಲಾಯುಗದ ಗೋರಿಗಳಿವೆ. ನಡುಹಗಲ ಬಿಸಿಲಿಗೆ ಮೀಟರೇ ಬೇಡ: ಐಎಸ್‌ಒ 100ರ ರೀಲಿಗೆ ಎಫ್/16, ಶಟರ್ 1/125. ಬಂಡೆಯ ನೆರಳಿಗೆ ಸರಿದರೆ ಎಫ್/5.6ಕ್ಕೆ ತೆರೆಯಿರಿ.

ಇಟಗಿಯ ಮಹಾದೇವ ದೇಗುಲದಲ್ಲಿ ಈ ಲೆಕ್ಕ ನಡೆಯದು. ಇಟಗಿ ಈಗ ಕುಕನೂರು ತಾಲ್ಲೂಕಿನ ಊರು. 1112ರಲ್ಲಿ ಆರನೆಯ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ ಈ ಗುಡಿಯನ್ನು ಶಾಸನ ‘ದೇವಾಲಯ ಚಕ್ರವರ್ತಿ’ ಎಂದು ಹೊಗಳಿದೆ. ಕಡೆದು ನುಣುಪಾಗಿಸಿದ ಬಳಪದ ಕಲ್ಲಿನ ಕಂಬಗಳು ಕಪ್ಪಗೆ ಮಿರುಗುತ್ತವೆ. ಮೀಟರ್ ಕಣ್ಣಿಗೆ ಲೋಕವೆಲ್ಲ ನಡುಬೂದಿ ಬಣ್ಣ. ಕಪ್ಪು ಕಂಬವನ್ನೂ ಬೂದಿಯಾಗಿಸಲು ಅದು ಹೆಚ್ಚು ಬೆಳಕು ಬೇಡುತ್ತದೆ. ಅದರ ಮಾತು ಕೇಳಿದರೆ ಕಂಬ ಪೇಲವವಾಗುತ್ತದೆ, ಆಚೆಯ ಅಂಗಳ ಸುಟ್ಟುಹೋಗುತ್ತದೆ. ಅದೇ ನೆರಳಿನಲ್ಲಿ ನಿಮ್ಮ ಅಂಗೈ ಚಾಚಿ ಮೀಟರ್ ಓದಿ. ಅಂಗೈ ಬೂದಿಗಿಂತ ಒಂದು ಸ್ಟಾಪ್, ಅಂದರೆ ಎರಡರಷ್ಟು, ಬೆಳ್ಳಗಿರುವುದರಿಂದ ಓದಿಗಿಂತ ಒಂದು ಸ್ಟಾಪ್ ಹೆಚ್ಚು ತೆರೆಯಿರಿ. ಕಲ್ಲಿನ ಕಪ್ಪು ಕಪ್ಪಾಗಿಯೇ ಉಳಿದ ಆ ಚಿತ್ರ ನೋಡುವ ಸುಖ ಪ್ರತಿಯೊಬ್ಬ ಕಲಿಯುವವರಿಗೂ ಸಿಗಬೇಕು.

ಕಪ್ಪು–ಬಿಳುಪು ರೀಲನ್ನು ಮನೆಯಲ್ಲೇ ತೊಳೆಯಬಹುದು, ಆದರೆ ಕೊಪ್ಪಳದ ಬೇಸಿಗೆ ಬಿಡಬೇಕಲ್ಲ! ಡಿ-76 ಡೆವಲಪರ್‌ಗೆ 20 ಡಿಗ್ರಿಯ ನೀರು ಬೇಕು. ಏಪ್ರಿಲ್‌ನ ನಲ್ಲಿ ನೀರು ಕೈಗೇ ಬಿಸಿ. ಗಡಿಗೆಯ ನೀರಿನ ಬೋಗುಣಿಗೆ ಐಸ್ ಹಾಕಿ, ದ್ರಾವಣದ ಬಾಟಲಿಗಳನ್ನು ಅದರಲ್ಲಿ ನಿಲ್ಲಿಸಿ. ಕೊನೆಗೆ ತೊಳೆಯುವ ನೀರೂ ಅಷ್ಟೇ ತಣ್ಣಗಿರಲಿ. ಬಿಸಿ ತಾಗಿದರೆ ಫಿಲ್ಮಿನ ಮೈ ಮೆತ್ತಗಾಗಿ, ಬೆರಳು ಸೋಕಿದರೂ ಗೀರು ಬೀಳುತ್ತದೆ.